ಮೇಜಿನ ಮೇಲೊಂದು ತೆಂಗಿನ ಹೋಳು

ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ತೆಂಗಿನಕಾಯಿಯ ಅರ್ಧ ಹೋಳು ಬಂದು ಕೂತಿತೆಂದರೆ ಆ ದಿನ ಕೋಳಿಯೋ ಕುರಿಯೋ ಬೆಂದಿದೆ ಎಂದರ್ಥ. ಹೋಳು ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಅದನ್ನು ಇಡುತ್ತಿದ್ದವಳು ಆಜಿ, ನನ್ನ ಅಮ್ಮನ ತಾಯಿ. ಆಜಿ ಯೆಹೂದಿ, ಕೊಂಕಣ ತೀರದಲ್ಲಿ ತಲೆತಲಾಂತರದಿಂದ ಎಣ್ಣೆಗಾಣ ನಡೆಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸಿಕೊಂಡು ಬದುಕಿದ ಬೆನೆ ಇಸ್ರೇಲಿಗಳ ಪೈಕಿ. ಮಾಂಸವನ್ನೂ ಹಾಲನ್ನೂ ಒಂದೇ ಊಟದಲ್ಲಿ ಕೂಡಿಸಬಾರದು ಎಂಬುದು ಅವರ ಅಡುಗೆಯ ದೊಡ್ಡ ಕಟ್ಟಳೆ. ಹಾಗಾಗಿ ಕೋಳಿಯ ಗಸಿಗೆ ಆಜಿ ಹಾಕುತ್ತಿದ್ದದ್ದು ತೆಂಗಿನ ಹಾಲು. ಆದರೆ ಅದೂ ಬೆಳ್ಳಗೇ ಇರುತ್ತದಲ್ಲ? ನೋಡಿದವರು ಹಸುವಿನ ಹಾಲೆಂದು ತಿಳಿದುಬಿಟ್ಟರೆ? ಅಂಥ ಸಂಶಯಕ್ಕೆ ಎಡೆ ಕೊಡಬಾರದೆಂದು ಪಾತ್ರೆಯ ಪಕ್ಕದಲ್ಲಿ ಕಾಯಿಯ ಹೋಳನ್ನೇ ಇಟ್ಟುಬಿಡುವುದು ಆಜಿಯ ತವರಿನಿಂದ ಬಂದ ರೂಢಿ. ನನ್ನ ಅಪ್ಪ ಸದಾಶಿವ ಉಡುಪಿ ಕಡೆಯ ತುಳುವ. ಅವನಿಗೆ ಈ ಹೋಳು ಕಂಡಾಗಲೆಲ್ಲ ನಗು.

"ನಮ್ಮ ಊರಿನವರಿಗೆ ತೆಂಗಿನ ಹಾಲಿನ ಗುರುತು ಹೇಳಿಕೊಡ್ಬೇಕಾ ಅತ್ತೆ?"

"ನಿಮ್ಮ ಸಲುವಾಗಿ ಅಲ್ಲರಿ. ಯಾರರ ಬಂದ್ರ?"

ಯಾರೂ ಬರುತ್ತಿರಲಿಲ್ಲ. ಒಮಾನಿನ ಅಲ್ ಹೈಲ್‌ನಲ್ಲಿ ನಮ್ಮದು ಎರಡನೇ ಮಹಡಿಯ ಫ್ಲ್ಯಾಟು. ನೆಂಟರಿಲ್ಲ, ಬಂದುಹೋಗುವವರಿಲ್ಲ, ಕೆಳಗಿನ ಮನೆಯ ಒಮಾನಿ ಹೆಂಗಸು ಖರ್ಜೂರದ ತಟ್ಟೆ ಕೊಡಲು ಬಂದರೂ ಬಾಗಿಲಲ್ಲೇ ನಿಂತು ಕೊಟ್ಟು ಹೋಗುತ್ತಿದ್ದಳು. ಹೊರಗೆ ಯಾರಾದರೂ ಯಾವ ಜನ ಎಂದು ಕೇಳಿದರೆ "ಮಂಗಳೂರಿನವರು" ಎಂದಷ್ಟೇ ಹೇಳಬೇಕೆಂದು ಅಮ್ಮ ನನಗೆ ಕಲಿಸಿದ್ದಳು. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅಮ್ಮ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಅಜ್ಜ ಅಲ್ಲಿ ವರ್ಕ್‌ಶಾಪಿನಲ್ಲಿದ್ದ. ಅಜ್ಜ ತೀರಿಕೊಂಡ ಮೇಲೆ ಆಜಿ ನಮ್ಮ ಜೊತೆಗೆ ಬಂದವಳು, ಬರುವಾಗ ಬಟ್ಟೆಗಿಂತ ಹೆಚ್ಚು ಪಾತ್ರೆ ತಂದಿದ್ದಳು. ಅಡುಗೆಮನೆಯ ಎಡಗಡೆಯ ಹಲಗೆ ಮಾಂಸದ ಪಾತ್ರೆಗಳದ್ದು, ಬಲಗಡೆಯದು ಹಾಲಿನದು. ಎಡಗಡೆಯ ಸೌಟು, ಚಮಚ, ಇಕ್ಕಳಕ್ಕೆಲ್ಲ ಕೆಂಪು ದಾರ; ಬಲಗಡೆಯವಕ್ಕೆ ನೀಲಿ ದಾರ. ನಾನು ನೀಲಿ ದಾರದ ಸೌಟನ್ನು ತಪ್ಪಿ ಎಡಗಡೆಯ ಮೊಳೆಗೆ ತೂಗುಹಾಕಿದರೆ ಆಜಿ ಬೈಯುತ್ತಿರಲಿಲ್ಲ, ಸೌಟನ್ನು ಕುದಿಯುವ ನೀರಿಗೆ ಹಾಕಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಳು. ಅದು ಬೈಗುಳಕ್ಕಿಂತ ಜಾಸ್ತಿ ನಾಟುತ್ತಿತ್ತು.

ಅಪ್ಪನಿಗೆ ಈ ಮನೆಯಲ್ಲಿ ಸಿಗದೇ ಹೋದ ರುಚಿಗಳ ಪಟ್ಟಿ ದೊಡ್ಡದಿತ್ತು. ಸಿಗಡಿ ಇಲ್ಲ, ಏಡಿ ಇಲ್ಲ, ಹುರುಪೆ ಇಲ್ಲದ ಯಾವ ಮೀನೂ ಇಲ್ಲ. ತುಪ್ಪದಲ್ಲಿ ಹುರಿದ ಕೋಳಿಯಂತೂ ಮಾತಿಗೂ ಬರಕೂಡದು. ಕೋಳಿಯೂ ತುಪ್ಪವೂ ಒಂದೇ ಬಾಣಲೆಯಲ್ಲಿ ಎಂದರೆ ಆಜಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ಸೀಬ್‌ನ ಸೂಕ್ ಮಾರುಕಟ್ಟೆಯಿಂದ ಅಂಜಲ್ ಮೀನು ತಂದು, ಬರುವ ದಾರಿಯಲ್ಲಿ ಯಾವುದೋ ಹೋಟೆಲಿನಲ್ಲಿ ಕೂತು ಸಿಗಡಿ ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಬರುತ್ತಿದ್ದ. ಆಜಿಗೆ ಅದು ಗೊತ್ತಿತ್ತು, ಅಪ್ಪನಿಗೆ ಆಜಿಗೆ ಗೊತ್ತಿರುವುದೂ ಗೊತ್ತಿತ್ತು. ಕಟ್ಟಳೆ ಮನೆಯ ಬಾಗಿಲೊಳಗಿನದು ಎಂಬ ಒಪ್ಪಂದ ಹೇಗೋ ಮಾತಿಲ್ಲದೇ ಆಗಿಹೋಗಿತ್ತು. ಮಾಂಸದ ವಿಷಯದಲ್ಲಿ ಆಜಿಯೂ ಸ್ವಲ್ಪ ಸಡಿಲ ಬಿಟ್ಟಿದ್ದಳು. ಅವರ ಪದ್ಧತಿಯಲ್ಲಿ ಕೊಯ್ಯುವವರು ಇಲ್ಲಿ ಎಲ್ಲಿಂದ ಬರಬೇಕು? ಇಲ್ಲಿಯದೂ ಒಬ್ಬನೇ ದೇವರ ಹೆಸರು ಹೇಳಿ ಕೊಯ್ದದ್ದು ಎಂದುಕೊಂಡು, ತಂದ ಮಾಂಸವನ್ನು ತಾನೇ ನೀರಿನಲ್ಲಿ ನೆನೆಸಿ, ಹರಳುಪ್ಪು ಸವರಿ, ರಕ್ತವೆಲ್ಲ ಬಸಿದುಹೋಗುವ ತನಕ ಓರೆಯಾಗಿಟ್ಟ ಹಲಗೆಯ ಮೇಲೆ ಬಿಟ್ಟು, ಮತ್ತೆ ತೊಳೆದು ಒಲೆಗೆ ಏರಿಸುತ್ತಿದ್ದಳು.

ಹೀಗಿದ್ದ ಅಪ್ಪ ಒಂದು ಬೇಸಿಗೆಯಲ್ಲಿ ಕೋಳಿ ತಿನ್ನುವುದನ್ನು ಬಿಟ್ಟ. ಅವನು ಬರ್ಕಾದಾಚೆ ಒಂದು ಕೋಳಿ ಮತ್ತು ಹಾಲಿನ ಫಾರಂನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಒಂದು ಶೆಡ್ಡಿನ ಫ್ಯಾನುಗಳು ನಿಂತುಹೋದವು, ಜನರೇಟರ್ ಹತ್ತಲಿಲ್ಲ, ಅಪ್ಪನನ್ನು ಇನ್ನೊಂದು ತುದಿಯಿಂದ ಕರೆಸುವಷ್ಟರಲ್ಲಿ ಒಳಗಿದ್ದ ಕೋಳಿಗಳೆಲ್ಲ ಸೆಕೆಗೆ ಸತ್ತಿದ್ದವು. ನಮಗೆ ಮನೆಯಲ್ಲಿ ತಿಳಿದದ್ದು ಇಷ್ಟೇ. ಆ ದಿನ ಅಪ್ಪ ಮನೆಗೆ ಬಂದವನು ಬಚ್ಚಲಿನಲ್ಲಿ ತುಂಬ ಹೊತ್ತು ಇದ್ದ. ಹೊರಗೆ ಬಂದು ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡ. ಕೋಳಿಯ ಹಿಂದೆ ಮೊಟ್ಟೆ ಹೋಯಿತು, ಮೀನು ಹೋಯಿತು. ಕೆಲವು ತಿಂಗಳ ಮೇಲೆ, ಅದೇ ಫಾರಂನ ದನದ ಕೊಟ್ಟಿಗೆಯ ಡ್ಯೂಟಿ ಬಿದ್ದ ಮೇಲೆ, ಹಾಲು ಮೊಸರುಗಳೂ ಹೋದವು. ಈಗ ಇದನ್ನು ವೀಗನ್ ಎನ್ನುತ್ತಾರೆ, ಸೀಬ್‌ನ ಸೂಪರ್‌ಮಾರ್ಕೆಟ್ಟುಗಳಲ್ಲಿ ಅದಕ್ಕೊಂದು ಪ್ರತ್ಯೇಕ ಕಪಾಟೇ ಇದೆ. ಆಗ ನಮ್ಮ ಮನೆಯಲ್ಲಿ ಅದಕ್ಕಿದ್ದ ಹೆಸರು "ಅಪ್ಪನ ಪಥ್ಯ". ಅಪ್ಪ ನಮಗೆ ಯಾರಿಗೂ ಏನನ್ನೂ ಬೇಡವೆನ್ನಲಿಲ್ಲ. ಆದರೆ ಅಮ್ಮ ಕ್ಲಿನಿಕ್ಕಿನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳಿಗೆ ಎರಡೆರಡು ಅಡುಗೆಯ ತಲೆನೋವು ಬೇಡವಾಗಿತ್ತು. ಆಜಿಗೂ ಒಂದು ಮನೆಗೆ ಒಂದು ಒಲೆ ಎಂಬುದು ಪಕ್ಕಾ. ಹಾಗಾಗಿ ಅಪ್ಪನ ಪಥ್ಯ ನಮ್ಮೆಲ್ಲರ ಪಥ್ಯವಾಯಿತು. ನಾನು ಶಾಲೆಯ ಕ್ಯಾಂಟೀನಿನಲ್ಲಿ ಲಬನ್ ಮಜ್ಜಿಗೆಯ ಪ್ಯಾಕೆಟ್ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದೆ, ಅಪ್ಪ ಸಿಗಡಿ ತಿಂದು ಬರುತ್ತಿದ್ದ ಹಾಗೆ.

ಮೊದಮೊದಲು ಆಜಿಗೆ ಇದು ಹಬ್ಬವೇ ಆಯಿತು. ಅವರ ಹಳೆಯ ತಿನಿಸುಗಳಲ್ಲಿ ಎಷ್ಟೊಂದು ಹಾಲಿಲ್ಲದವು, ಮೊಟ್ಟೆಯಿಲ್ಲದವು ಎಂಬುದು ಆಗಲೇ ಅವಳಿಗೂ ಹೊಳೆದದ್ದೆಂದು ಕಾಣುತ್ತದೆ. ಅವರ ಹೊಸ ವರ್ಷಕ್ಕೆ ಗೋಧಿಯ ಹಾಲನ್ನೂ ತೆಂಗಿನ ಹಾಲನ್ನೂ ಕಾಯಿಸಿ ಕಾಯಿಸಿ ಮಾಡುವ ಹಲ್ವ. ಶುಕ್ರವಾರ ಸಂಜೆಯ ಪ್ರಾರ್ಥನೆಗೆ ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಕಿವುಚಿದ ಶರಬತ್ತು. ಹುಳಿ ಬರಿಸಿದ ಹಿಟ್ಟನ್ನು ಮನೆಯಿಂದ ಹೊರಗಿಡುವ ಪೆಸಹ ಹಬ್ಬಕ್ಕೆ ಕೆಳಗಿನ ಮನೆಯಾಕೆ ಕೊಟ್ಟ ಖರ್ಜೂರವನ್ನೇ ಬೇಯಿಸಿ ಹಿಂಡಿದ ಪಾಕ. ಆ ಹಬ್ಬದ ತಟ್ಟೆಯಲ್ಲಿ ಕುರಿಯ ಸುಟ್ಟ ಎಲುಬೊಂದು ಇರಬೇಕು. ಅದಕ್ಕೆ ಬದಲಾಗಿ ಬೀಟ್‌ರೂಟ್ ಸುಟ್ಟು ಇಡಬಹುದೆಂದು ಕೊಂಕಣದ ಠಾಣೆ ಪಟ್ಟಣದಲ್ಲಿದ್ದ ತಂಗಿಯ ಮಗಳನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡಳು. ಅಪ್ಪ ಬೆಳಗಿನ ದೋಸೆಯನ್ನು ಹಬ್ಬ ಮುಗಿಯುವ ತನಕ ಬಿಟ್ಟು ಗೊಣಗದೆ ಅಕ್ಕಿ ರೊಟ್ಟಿ ತಿಂದ. ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಮಲೀದಾ. ಹರಕೆ ತೀರಿದಾಗ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಾಡುವ ಪ್ರಸಾದ ಅದು. ನೆನೆಸಿದ ಅವಲಕ್ಕಿ, ಕಾಯಿತುರಿ, ಬೆಲ್ಲ, ಏಲಕ್ಕಿ, ಸುತ್ತ ಜೋಡಿಸಿದ ಹಣ್ಣು.

"ಇದು ನಮ್ಮ ಸಿಹಿ ಅವಲಕ್ಕಿಯೇ ಅಲ್ವಾ ಅತ್ತೆ?"

"ಅಲ್ಲರಿ. ಇದು ಪ್ರವಾದಿದು."

"ನಿಮ್ಮ ಪ್ರವಾದಿಗೆ ಹಾಲು ತುಪ್ಪ ಎಂತದೂ ಬೇಡ್ವಾ?"

"ಇವತ್ತಿನ ತನಕಾ ಕೇಳಿಲ್ಲ ನೋಡ್ರಿ."

ಅಪ್ಪ ಎರಡು ಸಲ ಹಾಕಿಸಿಕೊಂಡ. ಅಳಿಯ ತನ್ನ ದಾರಿಗೆ ಬಂದ ಎಂಬಂತೆ ಆಜಿ ಅಮ್ಮನ ಮುಖ ನೋಡಿದಳು.

ಆದರೆ ಕಪಾಟಿನ ಪಾತ್ರೆಗಳ ಮೇಲೆ ನಿಧಾನವಾಗಿ ಧೂಳು ಕೂರತೊಡಗಿತು. ಮಾಂಸದ ಪಾತ್ರೆಗೆ ಮಾಂಸವಿಲ್ಲ, ಹಾಲಿನ ಪಾತ್ರೆಗೆ ಹಾಲಿಲ್ಲ. ಅನ್ನ, ಬೇಳೆ, ಪಲ್ಯಗಳಿಗೆ ಯಾವ ಪಾತ್ರೆಯಾದರೂ ನಡೆಯುತ್ತದೆ, ಅವುಗಳ ಮೇಲೆ ಕಟ್ಟಳೆಯೇ ಇಲ್ಲ. ಆಜಿ ಮಾತ್ರ ಪ್ರತಿ ಗುರುವಾರ ಎರಡೂ ಹಲಗೆಗಳ ಪಾತ್ರೆಗಳನ್ನು ಇಳಿಸಿ, ಬೇರೆ ಬೇರೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅಲ್ಲಲ್ಲೇ ಇಡುತ್ತಿದ್ದಳು. ಅಡುಗೆಮನೆ ಇಕ್ಕಟ್ಟು. ಅಮ್ಮನ ತಾಳ್ಮೆ ಒಂದು ದಿನ ತಪ್ಪಿತು.

"ಅವ್ವಾ, ಒಂದ್ ಸೆಟ್ ಕಟ್ಟಿ ಮ್ಯಾಲಿಡೋಣು. ಮಾಂಸನೂ ಇಲ್ಲ, ಹಾಲೂ ಇಲ್ಲ. ಬ್ಯಾರೆ ಬ್ಯಾರೆ ಇಡಾಕ ಏನೈತಿ ಈಗ?"

ಆಜಿ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅದನ್ನs ನಾನೂ ಕೇಳಾಕತ್ತೀನಿ ರೂತ್. ಬ್ಯಾರೆ ಇಡಾಕ ಏನೂ ಇಲ್ಲಂದ್ರ, ನಾ ಯಾಕ ಇರಬೇಕು ಇಲ್ಲಿ?"

ಅಮ್ಮನಿಗೆ ಇದು ವಿಪರೀತದ ಮಾತು ಅನ್ನಿಸಿತು, ಹಾಗೆಯೇ ಹೇಳಿದಳು ಕೂಡ. ಬಾಲ್ಕನಿಯ ಬಾಗಿಲಲ್ಲಿ ಕೂತು ಲೆಕ್ಕ ಮಾಡುತ್ತಿದ್ದ ನನಗೆ ಮಾತ್ರ ಆಜಿ ಹೇಳಿದ್ದು ಅರ್ಥವಾಯಿತು. ಶಾಲೆಯಲ್ಲಿ ಇಂಗ್ಲಿಷು, ಹೊರಗೆ ಹಿಂದಿ, ಅಂಗಡಿಯಲ್ಲಿ ಅರ್ಧಂಬರ್ಧ ಅರಬಿ ಮಾತಾಡುತ್ತಿದ್ದ ನಮ್ಮ ಮನೆಯಲ್ಲಿ ಆಜಿಗೆಂದು ಇದ್ದದ್ದು ಅಡುಗೆಮನೆಯೊಂದೇ. ಅಲ್ಲಿಯೂ ಅವಳ ಕೆಲಸ ಬೇಯಿಸುವುದಲ್ಲ, ಅಮ್ಮನೂ ಬೇಯಿಸುತ್ತಿದ್ದಳು. ಆಜಿಯ ಕೆಲಸ ಕಾಯುವುದು. ಕಾಯಲಿಕ್ಕೆ ಏನೂ ಉಳಿದಿರಲಿಲ್ಲ. ಅವಳು ಹೋಗಿಬಿಡುತ್ತಾಳೇನೋ ಎಂದು ನನಗೆ ಆ ದಿನವೇ ಭಯ ಶುರುವಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಅಮ್ಮ ಅಂಗಡಿಯಿಂದ ಸೋಯಾ ಉಂಡೆಗಳ ಪ್ಯಾಕೆಟ್ ತಂದಳು. ಆಜಿ ಅವನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಬೆರಳಲ್ಲಿ ಒತ್ತಿ ನೋಡಿದಳು. ಥೇಟ್ ಕುರಿಮಾಂಸದ ಹಾಗೆ ಎನ್ನುವಾಗ ಅವಳ ಮುಖಕ್ಕೆ ಬಹಳ ದಿನಗಳ ಮೇಲೆ ಕಳೆ ಬಂತು. ಶುಕ್ರವಾರ ಹಸಿಮೆಣಸು, ಕೊತ್ತಂಬರಿ, ಶುಂಠಿ ಅರೆದು, ತೆಂಗಿನ ಹಾಲು ಸುರಿದು, ಹಿಂದೆ ಮಾಂಸಕ್ಕೆ ಮಾಡುತ್ತಿದ್ದಂತೆಯೇ ಗಸಿ ಮಾಡಿದಳು. ಹೊತ್ತು ಮುಳುಗುವ ಮುಂಚೆ ಎಣ್ಣೆಯ ದೀಪ ಹಚ್ಚಿದಳು. ಆಮೇಲೆ ಪಾತ್ರೆಯ ಪಕ್ಕದಲ್ಲಿ ಅರ್ಧ ತೆಂಗಿನಕಾಯಿ ತಂದಿಟ್ಟಳು. ನಾನು ಯಾಕೆಂದು ಕೇಳಿದೆ.

"ಆಜಿ, ಬಟ್ ದಿಸ್ ಈಸ್ ನಾಟ್ ಮೀಟ್."

"ಅದು ನಿನಗ ಗೊತ್ತು, ನನಗ ಗೊತ್ತು. ಕಣ್ಣಿಗೆ ಮಾಂಸಾನs ಕಾಣತೈತಿ. ಬಿಳೇ ಹಾಲೂ ಕಾಣತೈತಿ. ನೋಡಿದವರು ಏನ್ ತಿಳಕೋಬೇಕು?"

ಮಾಂಸವಲ್ಲದ ಮಾಂಸ, ಹಾಲಲ್ಲದ ಹಾಲು, ಅದಕ್ಕೊಂದು ಸಾಕ್ಷಿ. ನನಗೆ ನಗು ಬಂತು. ಆಜಿ ನಗಲಿಲ್ಲ, ಆದರೆ ಸಂತೋಷವಾಗಿದ್ದಳು. ಕಾಯಲಿಕ್ಕೆ ಅವಳಿಗೆ ಏನೋ ಸಿಕ್ಕಿತ್ತು.

ಅಪ್ಪ ಫಾರಂನಲ್ಲಿ ಏನೋ ರಿಪೇರಿಗೆಂದು ರಜೆಯ ದಿನವೂ ಹೋಗಿದ್ದವನು ನೇರ ಮೇಜಿಗೆ ಬಂದು ಕೂತ. ಆಜಿ ಪ್ರಾರ್ಥನೆ ಹೇಳಿ, ಶರಬತ್ತಿನ ಬಟ್ಟಲು ಎಲ್ಲರ ಕೈಗೂ ಬಂದು, ಚಪಾತಿ ಮುರಿದು ಹಂಚಿ ಆಯಿತು. ಅಮ್ಮ ಪಾತ್ರೆಯ ಮುಚ್ಚಳ ತೆಗೆದಳು. ಅಪ್ಪ ಗಸಿಯನ್ನು ನೋಡಿದ, ಪಕ್ಕದ ತೆಂಗಿನ ಹೋಳನ್ನು ನೋಡಿದ, ಕುರ್ಚಿ ಹಿಂದೆ ತಳ್ಳಿ ಎದ್ದುನಿಂತ.

"ಎಂತ ಅತ್ತೆ ಇದು? ನನಗೆ ಹೇಳ್ಬಹುದಿತ್ತಲ್ಲ."

"ಏನ್ರಿ?"

"ತಿನ್ಬೇಕಾದ್ರೆ ನೀವು ತಿನ್ನಿ, ನಾನು ಬೇಡ ಹೇಳಿದ್ದುಂಟಾ? ನನಗೆ ಬಡಿಸುದು ಯಾಕೆ?"

ಬಾಗಿಲ ತನಕ ಹೋಗಿದ್ದ. "ಅಪ್ಪಾ, ಅದು ಸೋಯಾ" ಎಂದು ನಾನು ಕೂಗಿದೆ. ಅಮ್ಮ ಒಂದು ಉಂಡೆಯನ್ನು ಚಮಚದಲ್ಲಿ ಎತ್ತಿ ಮುರಿದು ತೋರಿಸಿದಳು. ಅಪ್ಪ ತಿರುಗಿ ಬಂದು ಬಗ್ಗಿ ನೋಡಿದ, ಕೂತ, ಬಡಿಸಿಕೊಂಡು ಪೂರ್ತಿ ಊಟ ಮಾಡಿದ. ಒಂದೆರಡು ನಿಮಿಷದಲ್ಲಿ ಎಲ್ಲ ಸರಿಹೋದಂತೆ ಕಂಡಿತು. ಆಜಿಯ ತಟ್ಟೆಯಲ್ಲಿ ಮುರಿದ ಚಪಾತಿ ಹಾಗೆಯೇ ಇತ್ತು. ಅವಳು ಮಾತಾಡಿದ್ದು ಅಮ್ಮ ತಟ್ಟೆಗಳನ್ನು ತೆಗೆಯುವಾಗ.

"ಮಂದಿಗೆ ಸಂಶಯ ಬರಬಾರದು ಅಂತ ಇಡೋ ಕಾಯಿ ಅದು. ಅದನ್ನ ನೋಡಿ ಮನಿಯಾಂವಗs ನನ್ನ ಮ್ಯಾಲೆ ಸಂಶಯ ಬಂತು."

ಶನಿವಾರ ಅವಳು ಯಾವ ಕೆಲಸವನ್ನೂ ಮುಟ್ಟುವವಳಲ್ಲ. ಭಾನುವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಬಲಗಡೆಯ ಹಲಗೆ ಖಾಲಿಯಾಗಿತ್ತು. ನೀಲಿ ದಾರದ ಸೌಟು, ಪಾತ್ರೆಗಳೆಲ್ಲ ಹಳೆಯ ಸೀರೆಗಳಲ್ಲಿ ಸುತ್ತಿ ಆಜಿಯ ಚೀಲ ಸೇರಿದ್ದವು. ಠಾಣೆಗೆ ಹೋಗುತ್ತೇನೆ, ತಂಗಿಯ ಮಗಳಿಗೆ ಹೇಳಿದ್ದೇನೆ, ಶುಕ್ರವಾರ ಕಳೆದ ಮೇಲೆ ಟಿಕೆಟ್ ಮಾಡಿಸಿರಿ ಎಂದಳು. ಕೆಂಪು ದಾರದವನ್ನು ಇಲ್ಲೇ ಬಿಟ್ಟಿದ್ದಾಳೆ, ಸಿಟ್ಟಿನ ಮಾತಷ್ಟೇ ಎಂದು ಅಮ್ಮ ಹೇಳಿದಳು. ಹೇಳಿದ ಮೇಲೆ ಬಚ್ಚಲಿಗೆ ಹೋಗಿ ಅತ್ತಳು. ನಾನು ಆ ವಾರವಿಡೀ ಲಬನ್ ಕುಡಿಯಲಿಲ್ಲ. ಅದರಿಂದ ಆಜಿ ಉಳಿಯುತ್ತಾಳೆಂದು ಯಾಕೆ ಅನ್ನಿಸಿತೋ ಈಗ ಹೇಳಲಾರೆ.

ಅಪ್ಪನಿಗೆ ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬರುವುದಲ್ಲ. ಅವನು ಅಂಥ ಹೊತ್ತಿನಲ್ಲಿ ಏನಾದರೂ ರಿಪೇರಿಗೆ ಕೂರುತ್ತಾನೆ. ಬುಧವಾರ ಸಂಜೆ ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಬಿಚ್ಚಿ ಹರಡಿಕೊಂಡ. ಆಜಿ ಅಲ್ಲಿಯೇ ಮೊಳಕೆ ಬಂದ ಅವರೆಕಾಳಿನ ಸಿಪ್ಪೆ ಬಿಡಿಸುತ್ತಿದ್ದಳು. ನಾನು ಹಾಲ್‌ನಲ್ಲಿದ್ದೆ, ಇಬ್ಬರ ಬೆನ್ನೂ ಕಾಣುತ್ತಿತ್ತು. ಸ್ಕ್ರೂಗಳು ಒಂದೊಂದಾಗಿ ನೆಲಕ್ಕೆ ಬಂದವು. ಆಮೇಲೆ ಅಪ್ಪ, ಫ್ಯಾನಿಗೇ ಹೇಳುವಂತೆ, ಹೇಳಿದ.

"ನೀವು ಮೋಸ ಮಾಡ್ತೀರಿ ಅಂತ ಅಲ್ಲ ಅತ್ತೆ. ಕಾಯಿ ಕಡಿ ಕಂಡ ಕೂಡ್ಲೇ ಕೋಳಿ ಅಂತ ತಲೆಗೆ ಬಂತು. ಇಷ್ಟು ವರ್ಷ ಹಾಗೇ ಅಲ್ವಾ? ಕೋಳಿ ಅಂದ ಕೂಡ್ಲೇ ಆ ಶೆಡ್ಡಿನ ವಾಸನೆ ಮೂಗಿಗೆ ಬಂತು."

ಅವನು ಇನ್ನೊಂದು ಸ್ಕ್ರೂ ತಿರುಗಿಸಿದ.

"ಬಾಗಿಲ ಹತ್ರ ಒಂದರ ಮೇಲೆ ಒಂದು ಬಿದ್ದಿತ್ತು ಅತ್ತೆ. ಗಾಳಿ ಬರುವ ಕಡೆ ಬಂದದ್ದು ಎಲ್ಲ. ಬಾಗಿಲು ತೆಗೀಲಿಕ್ಕೇ ಆಗ್ಲಿಲ್ಲ, ದೂಡಬೇಕಾಯ್ತು. ಫ್ಯಾನ್ ನೋಡಿಕೊಳ್ಳುವವ ನಾನು. ಅದು ನನ್ನ ತಪ್ಪಲ್ಲ ಅಂತ ಬರೆದುಕೊಟ್ಟಿದ್ದಾರೆ. ಖಲಾಸ್, ಆಯ್ತು ಅಂದ್ರು. ನನಗೆ ಆಗಿಲ್ಲ."

ಇದನ್ನು ಅವನು ಅಮ್ಮನಿಗೂ ಹೇಳಿರಲಿಲ್ಲ. ನನ್ನ ಅಪ್ಪ ಯಾಕೆ ಆ ದಿನ ಅಷ್ಟು ಹೊತ್ತು ಬಚ್ಚಲಿನಲ್ಲಿದ್ದ ಎಂಬುದು ನನಗೆ ಆಗ ತಿಳಿಯಿತು. ಎದ್ದು ಹೋಗಿ ಅವನನ್ನು ಮುಟ್ಟಬೇಕೆನ್ನಿಸಿತು, ಹೋಗಲಿಲ್ಲ. ಆಜಿ ಕೈಯೊರೆಸಿಕೊಂಡಳು. ಕಾಳಿನ ಬುಟ್ಟಿಯನ್ನು ಸರಿಸಿ ಕೇಳಿದಳು.

"ಇದನ್ನ ಮೊದಲs ಹೇಳಬಾರದೇನ್ರಿ? ನಾ ಆ ಸೋಯಾ ಮಾಂಸದಂಗ ಮಾಡ್ತಿದ್ನೇನು?"

"ಹೇಳ್ಲಿಕ್ಕೆ ಆಗ್ಲಿಲ್ಲ."

"ಹೂಂ. ಆ ಸ್ಕ್ರೂ ಒಲೀ ಕೆಳಗ ಹೋತು ನೋಡ್ರಿ."

ಅಷ್ಟೇ. ಹೋಗುವುದಿಲ್ಲ ಎಂದೇನೂ ಅವಳು ಹೇಳಲಿಲ್ಲ. ಚೀಲ ಕಟ್ಟಿದಂತೆಯೇ ಮಂಚದ ಪಕ್ಕದಲ್ಲಿತ್ತು.

ಶುಕ್ರವಾರ ಬಂತು. ಆಜಿ ಅವರೆಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬಿರಡೆ ಮಾಡಿದ್ದಳು. ದೀಪ ಹಚ್ಚಿದಳು, ಶರಬತ್ತು ಸೋಸಿದಳು. ಮೇಜಿನ ಮೇಲೆ ಕಾಯಿಯ ಹೋಳು ಇಡಲಿಲ್ಲ. ಅವರೆಕಾಳನ್ನು ನೋಡಿ ಯಾರಿಗೂ ಮಾಂಸವೆಂಬ ಸಂಶಯ ಬರುವುದಿಲ್ಲ ನಿಜ, ಅಲ್ಲಿ ಹೋಳಿನ ಅಗತ್ಯವೇ ಇರಲಿಲ್ಲ. ಆದರೂ ಅದು ಇರುತ್ತಿದ್ದ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು, ಉಪ್ಪಿನ ಬಟ್ಟಲನ್ನೂ ಅಲ್ಲಿಗೆ ಸರಿಸಿರಲಿಲ್ಲ. ಪ್ರಾರ್ಥನೆ ಆಯಿತು. ಚಪಾತಿ ಹಂಚಿದ್ದಾಯಿತು. ಅಮ್ಮ ಮುಚ್ಚಳ ತೆಗೆದಳು. ಅಪ್ಪ ಪಾತ್ರೆಯ ಕಡೆ ನೋಡಿದ, ಪಾತ್ರೆಯ ಪಕ್ಕ ನೋಡಿದ, ಕುರ್ಚಿ ಹಿಂದೆ ತಳ್ಳಿ ಎದ್ದುನಿಂತ.

ಅಮ್ಮನ ಕೈಯಲ್ಲಿ ಮುಚ್ಚಳ ಹಾಗೇ ಉಳಿಯಿತು. ಆಜಿ ಅಪ್ಪನತ್ತ ನೋಡಲಿಲ್ಲ, ದೀಪ ನೋಡುತ್ತಿದ್ದಳು. ಅಪ್ಪ ಅಡುಗೆಮನೆಗೆ ಹೋದ. ಕತ್ತಿ ಹುಡುಕುವ ಸದ್ದಾಯಿತು, ಕಾಯಿ ಒಡೆದ ಸದ್ದು ಆಯಿತು, ನೀರು ಚೆಲ್ಲಿ ಅವನು ತುಳುವಿನಲ್ಲಿ ಏನೋ ಗೊಣಗಿದ್ದೂ ಕೇಳಿಸಿತು. ಹೊರಗೆ ಬಂದು, ಅರ್ಧ ಹೋಳನ್ನು ಅಂಗಿಯ ತುದಿಯಲ್ಲಿ ಒರೆಸಿ, ಆ ಖಾಲಿ ಜಾಗದಲ್ಲಿ ಇಟ್ಟ. ಅದು ಒಂದು ಕಡೆಗೆ ವಾಲಿತು. ನೆಟ್ಟಗೆ ಮಾಡಿ ಕೂತ.

"ಯಾರಾದ್ರೂ ಬಂದ್ರೆ?" ಎಂದ.

ಆಜಿ ಹೋಳನ್ನು ತನ್ನ ಕಡೆಗೆ ತುಸು ತಿರುಗಿಸಿ ಒಳಗಿನ ಬಿಳಿ ಕಾಣುವಂತೆ ಇಟ್ಟಳು. ಆಮೇಲೆ ಅಪ್ಪನ ತಟ್ಟೆಗೆ ತಾನೇ ಬಡಿಸಿದಳು, ತನ್ನ ತಟ್ಟೆಗೂ ಹಾಕಿಕೊಂಡಳು. ಕಾಳು ಇನ್ನೂ ಸ್ವಲ್ಪ ಬೇಯಬೇಕಿತ್ತು ಎಂದು ಅವಳೂ, ಇಲ್ಲ ಸರಿಯಾಗಿಯೇ ಬೆಂದಿದೆ ಎಂದು ಅಪ್ಪನೂ ಊಟ ಮುಗಿಯುವ ತನಕ ವಾದ ಮಾಡಿದರು. ಟಿಕೆಟ್ಟಿನ ಮಾತು ಬರಲಿಲ್ಲ. ಶನಿವಾರ ಸೂರ್ಯ ಮುಳುಗಿ, ಕೆಲಸ ಮುಟ್ಟಬಹುದಾದ ಹೊತ್ತಾದ ಮೇಲೆ, ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ನೀಲಿ ದಾರದ ಸೌಟು ಬಲಗಡೆಯ ಮೊಳೆಯಲ್ಲಿ ತೂಗುತ್ತಿತ್ತು.